ಬೆಳಕಿನ ಎಲ್ಲೆಯವರೆಗೆ

ಪ್ರವಾಸ ಹೊರಡುವವರಲ್ಲಿ ಎರಡು ಬಗೆಯುಂಟು. ಹೋದ ಊರಿನಲ್ಲಿ ಕೈಕಾಲು ಚಾಚಿಕೊಂಡು ಸುಮ್ಮನೆ ಇದ್ದುಬಿಡಬೇಕು ಎನ್ನುವವರು ಒಂದು ಬಗೆ. ಹೋದಲ್ಲೆಲ್ಲ ಏನಾದರೊಂದು ಸಾಹಸ ಮಾಡಿಯೇ ತೀರಬೇಕು ಎನ್ನುವವರು ಇನ್ನೊಂದು ಬಗೆ. ಈ ಎರಡನ್ನೂ ಒಂದೇ ಪ್ರಯಾಣದಲ್ಲಿ ಸೇರಿಸಿಕೊಳ್ಳುವ ತರುಣರು ಈಗ ಹೆಚ್ಚಾಗಿದ್ದಾರೆ. ಅವರಿಗೆ ಪೆಟ್ಟಿಗೆ ಬೇಡ, ಹೋಲ್ಡಾಲು ಬೇಡ, ದೊಡ್ಡ ಹೋಟೆಲು ಬೇಡ. ಬೆನ್ನಿಗೊಂದು ಚೀಲ, ಅದರಲ್ಲಿ ನಾಲ್ಕು ಬಟ್ಟೆ, ಒಂದು ಟವೆಲು. ಎಂಟು ಮಂದಿ ಮಲಗುವ ಕೋಣೆಯಲ್ಲಿ ಒಂದು ಮಂಚ ಸಿಕ್ಕಿದರೆ ಸಾಕು. ನಾಲ್ಕು ದಿನ ಕಡಲ ದಂಡೆಯಲ್ಲಿ ಮೈಚೆಲ್ಲಿರುತ್ತಾರೆ; ಐದನೆಯ ದಿನ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು, ನೀರು ತುಂಬಿದ ಗುಹೆಯೊಳಕ್ಕೆ ಇಳಿಯುತ್ತಾರೆ.

ನಿಮ್ಮ ಮನೆಯ ಮಗನೋ ಮಗಳೋ ಒಂದು ದಿನ ಊಟಕ್ಕೆ ಕುಳಿತಾಗ, “ಅಮ್ಮ, ಮೆಕ್ಸಿಕೋಗೆ ಹೋಗ್ತೀನಿ, ಅಲ್ಲಿ ಗುಹೆಯೊಳಗೆ ಮುಳುಗಿ ಬರ್ತೀನಿ” ಎಂದರೆ ಏನೆನ್ನುತ್ತೀರಿ? ತಾಯಿಯ ಎದೆ ಝಲ್ಲೆನ್ನುತ್ತದೆ. ತಂದೆ ಪತ್ರಿಕೆಯಿಂದ ತಲೆಯೆತ್ತದೆಯೇ “ಬೇಡ” ಎನ್ನುತ್ತಾರೆ. ಅಜ್ಜಿ “ನೀರು ಬೆಂಕಿಯ ಹತ್ತಿರ ಸರಸವೇನು?” ಎನ್ನುತ್ತಾರೆ. ಮೂವರ ಮಾತೂ ಪ್ರೀತಿಯಿಂದ ಬಂದದ್ದೇ. ಆದರೆ ಬೇಡವೆನ್ನುವುದಕ್ಕೂ ಹೋಗಿ ಬಾ ಎನ್ನುವುದಕ್ಕೂ ಮೊದಲು, ಆ ನೆಲ ಎಂಥದು, ಆ ಗುಹೆ ಎಂಥದು, ಅಪಾಯವಿರುವುದು ಎಲ್ಲಿ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಈ ಹೊತ್ತು ಅದನ್ನೇ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಭೂಪಟವನ್ನು ತೆರೆದು ನೋಡಿ. ಮೆಕ್ಸಿಕೋ ದೇಶದ ಪೂರ್ವದ ತುದಿಯಲ್ಲಿ ಹೆಬ್ಬೆರಳನ್ನು ಮೇಲೆತ್ತಿದಂತೆ ಒಂದು ಪರ್ಯಾಯದ್ವೀಪ ಕಾಣುತ್ತದೆ. ಅದು ಯುಕಟಾನ್. ಅದರ ಪಶ್ಚಿಮಕ್ಕೂ ಉತ್ತರಕ್ಕೂ ಮೆಕ್ಸಿಕೋ ಕೊಲ್ಲಿ, ಪೂರ್ವಕ್ಕೆ ಕೆರಿಬಿಯನ್ ಸಮುದ್ರ. ಈ ಪೂರ್ವದ ಕರಾವಳಿಯಲ್ಲಿ, ಕಾನ್‌ಕುನ್ ಎಂಬ ದೊಡ್ಡ ಪಟ್ಟಣದಿಂದ ಸುಮಾರು 130 ಕಿಲೋಮೀಟರ್ ದಕ್ಷಿಣಕ್ಕೆ, ಟುಲುಮ್ ಎಂಬ ಊರಿದೆ. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. 2023ರ ಡಿಸೆಂಬರಿನಿಂದ ಅಲ್ಲಿಗೇ ಒಂದು ವಿಮಾನ ನಿಲ್ದಾಣವೂ ಆಗಿದೆ. ಬೆನ್ನುಚೀಲದವರಿಗೆ ಮಾತ್ರ ಬಸ್ಸೇ ಸರಿ.

ಟುಲುಮ್ ಎಂದರೆ ಅಲ್ಲಿಯ ಮಾಯಾ ಜನರ ಭಾಷೆಯಲ್ಲಿ ಗೋಡೆ. ಕಡಲಿಗೆ ಎದುರಾದ ಬಂಡೆಯ ನೆತ್ತಿಯ ಮೇಲೆ, ಮೂರು ಕಡೆ ಕಲ್ಲಿನ ಕೋಟೆಗೋಡೆ, ನಾಲ್ಕನೆಯ ಕಡೆ ಸಮುದ್ರ. ನಡುವೆ ಮಾಯಾ ಜನರ ಹಳೆಯ ರೇವುಪಟ್ಟಣ. 1518ರಲ್ಲಿ ಸ್ಪೇನಿನ ಹಡಗುಗಳು ಈ ತೀರವನ್ನು ಹಾದುಹೋದಾಗ ಅಲ್ಲಿ ಇನ್ನೂ ಜನವಸತಿಯಿತ್ತು. ಆಮೇಲೆ ಊರು ಹಾಳುಬಿತ್ತು; ಜನ ಮಾತ್ರ ಅಳಿಯಲಿಲ್ಲ. ಯುಕಟಾನಿನ ಮಾಯಾ ಭಾಷೆಯನ್ನು ಇಂದಿಗೂ ಏಳು ಲಕ್ಷಕ್ಕೆ ಮೀರಿದ ಜನ ಆಡುತ್ತಾರೆ. ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲಿ ಕುಳಿತ ಮುದುಕಮ್ಮ ಮೊಮ್ಮಗುವಿಗೆ ಹೇಳುತ್ತಿರುವ ಮಾತು ಸ್ಪ್ಯಾನಿಷ್ ಆಗಿರದೆ ಅದೇ ಆಗಿರಬಹುದು.

ಮೊದಲು ದಂಡೆಯ ಮಾತು. ಅಲ್ಲಿಯ ಮರಳು ಬಿಳುಪು. ನಮ್ಮ ಹೊಳೆಗಳು ಕಲ್ಲನ್ನು ಅರೆದು ತಂದು ಹಾಕುವ ಮರಳಿನಂಥದಲ್ಲ. ಹವಳ ಚಿಪ್ಪುಗಳು ನುಚ್ಚಾಗಿ ಆದದ್ದು. ಆದ್ದರಿಂದ ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ. ನಡುಹಗಲಿನಲ್ಲಿಯೂ ಅಂಗಾಲು ಅಷ್ಟಾಗಿ ಸುಡುವುದಿಲ್ಲ. ದಡದಿಂದ ಕೊಂಚ ದೂರದಲ್ಲಿ ನೀರಿನೊಳಗೆ ಹವಳದ ದಿಬ್ಬ ಸಾಲುಗಟ್ಟಿದೆ. ಯುಕಟಾನಿನ ತುದಿಯಿಂದ ಹೊಂಡುರಾಸ್ ದೇಶದವರೆಗೆ ಸುಮಾರು 1000 ಕಿಲೋಮೀಟರ್ ಹಬ್ಬಿದ ಈ ದಿಬ್ಬ ದೊಡ್ಡ ಅಲೆಗಳನ್ನು ಹೊರಗೇ ತಡೆದುಬಿಡುತ್ತದೆ. ಒಳಗಿನ ನೀರು ಪಚ್ಚೆಯ ಬಣ್ಣದ್ದು, ಸೌಮ್ಯವಾದದ್ದು. ಇಂಥ ಕಡೆ ಮಾಡಬೇಕಾದ ಕೆಲಸವೆಂದರೆ ಏನೂ ಮಾಡದಿರುವುದು. ಅದು ಸುಲಭವೆಂದು ತಿಳಿಯಬೇಡಿ. ನಮ್ಮಂಥವರಿಗೆ ಮೊದಲ ದಿನವೆಲ್ಲ ಗಡಿಯಾರ ನೋಡುವುದರಲ್ಲಿಯೇ ಕಳೆಯುತ್ತದೆ. ಎರಡನೆಯ ದಿನ ಗಡಿಯಾರ ಚೀಲ ಸೇರುತ್ತದೆ. ಮೂರನೆಯ ದಿನಕ್ಕೆ ಇಂದು ಯಾವ ವಾರವೆಂದು ಪಕ್ಕದವರನ್ನು ಕೇಳುವ ಸ್ಥಿತಿ ಬರುತ್ತದೆ. ವಿಶ್ರಾಂತಿ ಎಂದರೆ ಅದೇ.

ಹೋಗುವ ಕಾಲವನ್ನು ಮಾತ್ರ ನೋಡಿಕೊಳ್ಳಬೇಕು. ಜೂನಿನಿಂದ ನವೆಂಬರಿನವರೆಗೆ ಚಂಡಮಾರುತದ ಕಾಲ. ಇದಲ್ಲದೆ 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದುಬಣ್ಣದ ಕಡಲಪಾಚಿ ಅಟ್ಲಾಂಟಿಕ್ ಸಾಗರದಿಂದ ರಾಶಿರಾಶಿಯಾಗಿ ತೇಲಿಬಂದು, ಬೇಸಗೆಯ ತಿಂಗಳುಗಳಲ್ಲಿ ದಂಡೆಯ ಮೇಲೆ ಕೊಳೆಯುತ್ತದೆ. ಆಗ ಅದರ ನಾತ ಸಹಿಸುವಂತಿರುವುದಿಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಹಿತವಾದ ಕಾಲ.

ಊಟದ ಚಿಂತೆಯನ್ನು ನಮ್ಮ ತಾಯಂದಿರು ಹೆಚ್ಚಾಗಿ ಮಾಡುತ್ತಾರೆ. ಅದಕ್ಕೆ ಕಾರಣವಿಲ್ಲ. ನಾವು ದಿನವೂ ಒಗ್ಗರಣೆಗೆ ಹಾಕುವ ಮೆಣಸಿನಕಾಯಿಯ ತವರುಮನೆ ಮೆಕ್ಸಿಕೋ. ಪೋರ್ಚುಗೀಸರು ಹಡಗಿನಲ್ಲಿ ತಂದುಕೊಟ್ಟ ಮೇಲೆ ಅದು ನಮ್ಮದಾಯಿತು. ನಮ್ಮ ಹಿತ್ತಿಲಿನ ಸಪೋಟ ಮರವೂ ಯುಕಟಾನಿನ ಕಾಡಿನದೇ. ಅದರ ತೊಗಟೆಯನ್ನು ಕಚ್ಚುಮಾಡಿ ಇಳಿಸಿದ ಹಾಲಿನಿಂದಲೇ ಹಿಂದೆ ಜಗಿಯುವ ಗಮ್ಮನ್ನು ಮಾಡುತ್ತಿದ್ದರು. ಅಲ್ಲಿಯ ಜನರ ನಿತ್ಯದ ಆಹಾರ ಮುಸುಕಿನ ಜೋಳದ ರೊಟ್ಟಿ, ಬೇಯಿಸಿದ ಕಾಳು, ಖಾರದ ಚಟ್ನಿ. ರೊಟ್ಟಿ ಮಾಡುವ ಮೊದಲು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯೆಲ್ಲ ನೆನೆಹಾಕುತ್ತಾರೆ. ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗಿ ಬರುತ್ತದೆ, ಸತ್ತ್ವವೂ ಹೆಚ್ಚುತ್ತದೆ. ಆ ಸುಣ್ಣಕ್ಕಾಗಿ ಅವರು ಹಿಂದಿನಿಂದಲೂ ಸುಟ್ಟದ್ದು ಕಾಲಕೆಳಗಿನ ಕಲ್ಲನ್ನೇ. ಏಕೆಂದರೆ ಇಡೀ ಯುಕಟಾನ್ ನೆಲವೇ ಸುಣ್ಣಕಲ್ಲು. ಗುಹೆಯ ಕಥೆ ಇಲ್ಲಿಂದ ಪ್ರಾರಂಭವಾಗುತ್ತದೆ.

ನೀವು ಬಸ್ಸಿನ ಕಿಟಕಿಯಿಂದ ಎಷ್ಟು ದೂರ ನೋಡಿದರೂ ಒಂದು ಹೊಳೆ ಕಾಣುವುದಿಲ್ಲ, ಒಂದು ಸೇತುವೆ ಸಿಕ್ಕುವುದಿಲ್ಲ. ಮಳೆ ಬೇಕಾದಷ್ಟು ಬೀಳುತ್ತದೆ. ಆದರೆ ಬಿದ್ದ ನೀರೆಲ್ಲ ತೂತುಬಿದ್ದ ಕಲ್ಲಿನ ಮೂಲಕ ಕೆಳಕ್ಕೆ ಸೋರಿಹೋಗುತ್ತದೆ. ಅಲ್ಲಿ ಹೊಳೆಗಳು ಇವೆ. ನೆಲದ ಮೇಲಲ್ಲ, ನೆಲದ ಕೆಳಗೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ ಕೊಂಚ ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಲಕ್ಷಾಂತರ ವರ್ಷ ಹೀಗೆ ಕರಗಿ ಕರಗಿ, ನೆಲದೊಳಗೆ ಓಣಿಗಳೂ ಕೋಣೆಗಳೂ ಆದವು. ಕೆಲವು ಕಡೆ ಕೋಣೆಯ ಮಾಡು ಕುಸಿದು ಆಕಾಶ ಕಂಡಿತು. ಹಾಗೆ ತೆರೆದುಕೊಂಡ ನೀರಿನ ಬಾವಿಗೆ ಮಾಯಾ ಜನ ‘ತ್ಸೊನೋತ್’ ಎಂದರು; ಸ್ಪೇನಿನವರ ಬಾಯಲ್ಲಿ ಅದು ‘ಸೆನೋಟೆ’ ಆಯಿತು.

ಹೊಳೆಯಿಲ್ಲದ ನಾಡಿನಲ್ಲಿ ಸೆನೋಟೆಯೇ ಕುಡಿಯುವ ನೀರು. ಆದ್ದರಿಂದ ಅದೇ ದೇವರ ಸ್ಥಾನ. ನಮ್ಮಲ್ಲಿ ದೇವಾಲಯದ ಮುಂದೆ ಕಲ್ಯಾಣಿಯನ್ನು ಕಟ್ಟಿದರೆ, ಅಲ್ಲಿ ಪ್ರಕೃತಿ ತೋಡಿಕೊಟ್ಟ ಬಾವಿಯ ಬಳಿ ಊರನ್ನು ಕಟ್ಟಿದರು. ಅದರೊಳಗೆ ಮಳೆಯ ದೇವತೆ ಚಾಕ್ ಇರುತ್ತಾನೆಂದು ನಂಬಿದ್ದರು. ಚಿಚೆನ್ ಇಟ್ಸಾ ಎಂಬ ಪ್ರಸಿದ್ಧ ಪಟ್ಟಣದ ದೊಡ್ಡ ಸೆನೋಟೆಯ ತಳವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾಲಾಡಿದಾಗ ಚಿನ್ನ, ಹಸಿರುಕಲ್ಲಿನ ಒಡವೆ, ಧೂಪದ ಉಂಡೆಗಳ ಜೊತೆಗೆ ಮನುಷ್ಯರ ಮೂಳೆಗಳೂ ಸಿಕ್ಕಿದವು. ಮಳೆಗಾಗಿ ಆ ಜನ ಎಂಥ ಬೆಲೆಯನ್ನು ತೆತ್ತರೆಂಬುದಕ್ಕೆ ಅದು ಸಾಕ್ಷಿ.

ಟುಲುಮಿನ ಸುತ್ತ ಇಂಥ ಸೆನೋಟೆಗಳು ಬೇಕಾದಷ್ಟಿವೆ. ಒಂದಕ್ಕೆ ‘ದೋಸ್ ಓಹೋಸ್’ ಎಂದು ಹೆಸರು. ಎರಡು ಕಣ್ಣು ಎಂದರ್ಥ. ಅಕ್ಕಪಕ್ಕದ ಎರಡು ಬಾವಿಗಳು ನೆಲದಲ್ಲಿ ತೆರೆದ ಎರಡು ಕಣ್ಣಿನಂತೆಯೇ ಇವೆ. ಮೇಲಿನಿಂದ ನೋಡಿದರೆ ಸಣ್ಣ ಕೊಳ, ಅಷ್ಟೆ. ಆದರೆ ಒಳಗಿನ ವಿಸ್ತಾರ ಬೇರೆ. ಮುಳುಗುಗಾರರು ಹತ್ತಾರು ವರ್ಷ ಅಳೆದು ಅಳೆದು, 2018ರ ಜನವರಿಯಲ್ಲಿ ದೋಸ್ ಓಹೋಸ್ ಗುಹೆಗಳಿಗೂ ‘ಸಾಕ್ ಆಕ್ತುನ್’ ಎಂಬ ಇನ್ನೊಂದು ಗುಹಾಸಮೂಹಕ್ಕೂ ನೀರಿನೊಳಗೇ ದಾರಿಯಿದೆಯೆಂದು ಕಂಡುಹಿಡಿದರು. ಎರಡನ್ನೂ ಕೂಡಿಸಿದಾಗ ಅಳತೆಗೆ ಸಿಕ್ಕ ಓಣಿಗಳ ಉದ್ದ 347 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋಗುವ ದೂರಕ್ಕೆ ಇದು ಹೆಚ್ಚುಕಡಮೆ ಸಮ. ಅಷ್ಟು ದೂರವೂ ನೀರು ತುಂಬಿದ ಕತ್ತಲೆ.

ಈಗ ನಿಮ್ಮನ್ನು ಒಳಕ್ಕೆ ಕರೆದುಕೊಂಡು ಹೋಗುತ್ತೇನೆ. ಮರದ ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟರೆ ತಣ್ಣಗಿದೆ. ವರ್ಷವೆಲ್ಲ ಇಪ್ಪತ್ತೈದು ಡಿಗ್ರಿಯ ಆಸುಪಾಸು. ಬಾಯಲ್ಲಿ ಉಸಿರಿನ ಕೊಳವೆಯನ್ನು ಕಚ್ಚಿಕೊಂಡು ತಲೆಯನ್ನು ಮುಳುಗಿಸುತ್ತೀರಿ. ಮೊದಲು ಆಗುವ ಆಶ್ಚರ್ಯವೆಂದರೆ, ನೀರು ಇದೆಯೋ ಇಲ್ಲವೋ ಎಂಬಷ್ಟು ತಿಳಿ. ಮುಂದಿರುವ ಜೊತೆಗಾರ ನೀರಿನಲ್ಲಿ ಈಜುತ್ತಿಲ್ಲ, ಗಾಳಿಯಲ್ಲಿ ತೇಲುತ್ತಿದ್ದಾನೆ ಎನ್ನಿಸುತ್ತದೆ. ಮಾಡಿನ ತೂತಿನಿಂದ ಬಿಸಿಲಿನ ಕೋಲು ನೀಲಿಯಾಗಿ ಇಳಿದು ತಳವನ್ನು ಮುಟ್ಟುತ್ತದೆ. ಸುತ್ತಲೂ ಆಲದ ಬಿಳಲುಗಳಂತೆ ಚಾವಣಿಯಿಂದ ಇಳಿಬಿದ್ದ ಕಲ್ಲಿನ ಬಿಳಲುಗಳು. ಕೆಳಗಿನಿಂದ ಎದ್ದುನಿಂತ ಕಲ್ಲಿನ ಮೊಳಕೆಗಳು. ಕೆಲವು ಒಂದಕ್ಕೊಂದು ಕೂಡಿ ಮಂಟಪದ ಕಂಬಗಳಾಗಿವೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಹನಿಹನಿಯಾಗಿ ತೊಟ್ಟಿಕ್ಕುವ ನೀರಿನಿಂದ ಮಾತ್ರವೇ ಇಂಥ ಬಿಳಲು ಬೆಳೆಯುತ್ತದೆ. ನೀರಿನೊಳಗೆ ಹನಿ ತೊಟ್ಟಿಕ್ಕುವುದುಂಟೆ? ಇಲ್ಲ. ಎಂದ ಮೇಲೆ ಈ ಗುಹೆ ಒಮ್ಮೆ ಒಣಗಿತ್ತು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಭೂಮಿಯ ನೀರು ಬಹಳಷ್ಟು ಮಂಜುಗಡ್ಡೆಯಾಗಿ ಕಟ್ಟಿಕೊಂಡಿತ್ತು. ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಗುಹೆಗಳು ಬರಿದಾಗಿದ್ದವು. ಆಮೇಲೆ ಹಿಮ ಕರಗಿತು, ಸಮುದ್ರ ಏರಿತು, ಗುಹೆಗಳು ಮುಳುಗಿದವು. ಆದ್ದರಿಂದ ನೀವು ಕಾಲಿಗೆ ಕಟ್ಟಿಕೊಂಡ ರಬ್ಬರಿನ ರೆಕ್ಕೆ ತಗುಲಿ ಒಂದು ಬಿಳಲು ಮುರಿದರೆ, ಅದು ಮತ್ತೆ ಬೆಳೆಯುವುದಿಲ್ಲ. ಅದನ್ನು ಬೆಳೆಸಿದ ಹನಿ ನಿಂತು ಸಾವಿರಾರು ವರ್ಷವಾಯಿತು.

ಇನ್ನೊಂದು ಸೋಜಿಗವುಂಟು. ಮೇಲಿನದು ಮಳೆಯ ಸಿಹಿನೀರು. ಕೆಳಗೆ ಕಡಲಿನಿಂದ ಒಳನುಗ್ಗಿದ ಉಪ್ಪುನೀರು. ಉಪ್ಪುನೀರು ಭಾರ, ಸಿಹಿನೀರು ಹಗುರ. ಒಂದರ ಮೇಲೊಂದು ಪದರವಾಗಿ ನಿಲ್ಲುತ್ತವೆ. ನೀವು ಇಳಿಯುತ್ತ ಇಳಿಯುತ್ತ ಎರಡೂ ಕೂಡುವ ಕಡೆಗೆ ಬಂದರೆ, ಕನ್ನಡಕಕ್ಕೆ ಎಣ್ಣೆ ಸವರಿದಂತೆ ಎಲ್ಲವೂ ಮಸುಕಾಗುತ್ತದೆ. ಸಕ್ಕರೆಯನ್ನು ನೀರಿಗೆ ಹಾಕಿ ಕದಡುವಾಗ ಲೋಟದಲ್ಲಿ ಎಳೆಎಳೆಯಾಗಿ ಕಾಣುತ್ತದಲ್ಲ, ಹಾಗೆ. ಇನ್ನೊಂದು ಮಾರು ಕೆಳಗಿಳಿದರೆ ಮತ್ತೆ ತಿಳಿ. ಹಿಂದಿರುಗಿ ಮೇಲೆ ನೋಡಿದರೆ, ನೀರಿನೊಳಗೆ ಮತ್ತೊಂದು ನೀರಿನ ಮೇಲ್ಮೈ ಹೊಳೆಯುತ್ತಿರುತ್ತದೆ.

ಇಷ್ಟರವರೆಗೆ ಹೇಳಿದ್ದೆಲ್ಲ ಬೆಳಕಿನ ಎಲ್ಲೆಯೊಳಗಿನ ಮಾತು. ಹಿಂದಿರುಗಿ ನೋಡಿದರೆ ಬಾವಿಯ ಬಾಯಿಂದ ಬರುವ ಹಗಲು ಬೆಳಕು ಕಣ್ಣಿಗೆ ಬೀಳುವಷ್ಟು ದೂರ ಮಾತ್ರ, ನುರಿತ ಗುಹಾ ಮುಳುಗುಗಾರನೊಬ್ಬನ ಹಿಂದೆ ಹೋಗುವುದು ಒಂದು ರೀತಿ. ಇದರಲ್ಲಿ ಮೇಲಿನ ಗಾಳಿ ಒಟ್ಟು 60 ಮೀಟರಿಗಿಂತ ಹೆಚ್ಚು ದೂರವಿರಬಾರದೆಂದು ಪರಿಪಾಠ. ಒಬ್ಬ ಮಾರ್ಗದರ್ಶಿಗೆ ನಾಲ್ವರಿಗಿಂತ ಹೆಚ್ಚು ಮಂದಿ ಇರುವಂತಿಲ್ಲ. ತೆರೆದ ಸಮುದ್ರದಲ್ಲಿ ಮುಳುಗಲು ಕಲಿತು ಪ್ರಮಾಣಪತ್ರ ಪಡೆದವರು ಇದನ್ನು ಮಾಡಬಹುದು. ಎರಡನೆಯ ರೀತಿ, ಆ ಬೆಳಕನ್ನು ಬಿಟ್ಟು ಒಳಗಿನ ಓಣಿಗಳಿಗೆ ಹೋಗುವುದು. ಹೆಸರಿನಲ್ಲಿ ಎರಡೂ ಗುಹೆಯೇ. ಆದರೆ ಈಜುಕೊಳಕ್ಕೂ ಭೋರ್ಗರೆಯುವ ಶರಾವತಿಗೂ ಎಷ್ಟು ಅಂತರವೋ ಅಷ್ಟು ಅಂತರ ಇವೆರಡರ ನಡುವೆ. ಅಪಾಯವಿರುವುದು ಈ ಎಲ್ಲೆಯನ್ನು ದಾಟಿದ ಮೇಲೆ.

ಏಕೆಂದರೆ, ಸಮುದ್ರದಲ್ಲಿ ಮುಳುಗಿದವನಿಗೆ ಏನಾದರೂ ತೊಂದರೆಯಾದರೆ ತಲೆಯ ಮೇಲೆ ನೀರು, ನೀರಿನ ಮೇಲೆ ಗಾಳಿ. ಗುಹೆಯಲ್ಲಿ ತಲೆಯ ಮೇಲೆ ಕಲ್ಲು. ಮೇಲಕ್ಕೆ ಹೋಗುವ ದಾರಿಯಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ತಳದಲ್ಲಿ ಹಿಟ್ಟಿನಂಥ ನುಣುಪಾದ ಹೂಳು ಕೂತಿರುತ್ತದೆ. ಕಾಲನ್ನು ಒಮ್ಮೆ ತಪ್ಪಾಗಿ ಬಡಿದರೆ ಅದೆಲ್ಲ ಎದ್ದು, ಗಾಜಿನಂತಿದ್ದ ನೀರು ಕ್ಷಣದಲ್ಲಿ ಮಜ್ಜಿಗೆಯಾಗುತ್ತದೆ. ಟಾರ್ಚು ಇದ್ದರೂ ನಿಮ್ಮ ಕೈ ನಿಮಗೆ ಕಾಣುವುದಿಲ್ಲ. ಜೊತೆಗೆ ಆಳದ ಲೆಕ್ಕ ಬೇರೆ. ಹತ್ತು ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ, ಸಿಲಿಂಡರಿನ ಗಾಳಿಯೂ ಎರಡರಷ್ಟು ಬೇಗ ಖರ್ಚಾಗುತ್ತದೆ. ಹೆದರಿದವನ ಉಸಿರಂತೂ ಹೇಳುವುದೇ ಬೇಡ.

ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿಯೂ ಇಂಥ ಗುಹೆಗಳಿವೆ. 1960 ಮತ್ತು 70ರ ದಶಕಗಳಲ್ಲಿ ಅಲ್ಲಿ ಮುಳುಗಿದವರಲ್ಲಿ ಬಹಳ ಜನ ಸತ್ತರು. ಅವರೆಲ್ಲ ಈಜು ಬಾರದವರಲ್ಲ. ಸಮುದ್ರದಲ್ಲಿ ಚೆನ್ನಾಗಿ ಪಳಗಿದವರು, ಇತರರಿಗೆ ಕಲಿಸುವ ಗುರುಗಳೂ ಅವರಲ್ಲಿದ್ದರು. ಶೆಕ್ ಎಕ್ಸ್‌ಲಿ ಎಂಬುವನೊಬ್ಬ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತಾನೂ ದೊಡ್ಡ ಗುಹಾ ಮುಳುಗುಗಾರ. ಆತ ಗಣಿತದ ಮೇಷ್ಟ್ರು ಮಾಡುವ ಕೆಲಸವನ್ನೇ ಮಾಡಿದ. ಒಂದೊಂದು ಸಾವನ್ನೂ ಎದುರಿಗಿಟ್ಟುಕೊಂಡು, ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕಿದ. 1979ರಲ್ಲಿ ಒಂದು ಸಣ್ಣ ಪುಸ್ತಕವಾಗಿ ಅದನ್ನು ಅಚ್ಚುಹಾಕಿಸಿದ. ಸಾವಿಗೆ ಕಾರಣ ಮುಖ್ಯವಾಗಿ ಮೂರೇ ಎಂದು ಅವನು ತೋರಿಸಿದ. ಹೊರಬಾಗಿಲಿನವರೆಗೆ ಎಡೆಬಿಡದ ದಾರವಿರಲಿಲ್ಲ. ಹಿಂದಿರುಗಲು ಸಾಕಷ್ಟು ಗಾಳಿಯನ್ನು ಉಳಿಸಿಕೊಳ್ಳಲಿಲ್ಲ. ಮಿತಿ ಮೀರಿದ ಆಳಕ್ಕೆ ಹೋದರು. ಮುಂದೆ ಇದಕ್ಕೆ ಇನ್ನೆರಡು ಸೇರಿದವು: ಗುಹೆಗೆಂದೇ ತರಬೇತಿ ಇರಬೇಕು, ಒಬ್ಬೊಬ್ಬರಲ್ಲೂ ಮೂರು ಟಾರ್ಚು ಇರಬೇಕು. ಇಂದಿಗೂ ಜಗತ್ತಿನಲ್ಲೆಲ್ಲ ಗುಹೆಗೆ ಇಳಿಯುವವರು ಈ ಐದನ್ನು ಬಾಯಿಪಾಠ ಮಾಡುತ್ತಾರೆ.

ಇವುಗಳಲ್ಲಿ ಎರಡನ್ನು ಕೊಂಚ ಬಿಡಿಸಿ ಹೇಳಬೇಕು. ಒಂದು, ದಾರ. ಬಾವಿಯ ಬಾಯಲ್ಲಿ ಕಟ್ಟಿದ ತೆಳ್ಳನೆಯ ನೈಲಾನ್ ದಾರ ಗುಹೆಯೊಳಗೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಅಲ್ಲಲ್ಲಿ ಅದಕ್ಕೆ ಬಾಣದ ಆಕಾರದ ಸಣ್ಣ ಬಿಲ್ಲೆ ಸಿಕ್ಕಿಸಿರುತ್ತಾರೆ. ಬಾಣದ ತುದಿ ಯಾವಾಗಲೂ ಹತ್ತಿರದ ಹೊರಬಾಗಿಲನ್ನೇ ತೋರಿಸುತ್ತದೆ. ದೀಪವೆಲ್ಲ ಆರಿ, ನೀರೆಲ್ಲ ರಾಡಿಯಾದರೂ, ಬೆರಳಿನಿಂದ ಮುಟ್ಟಿ ನೋಡಿ ಮನೆಯ ದಿಕ್ಕು ಯಾವುದೆಂದು ತಿಳಿಯಬಹುದು. ಎರಡು, ಗಾಳಿಯ ಲೆಕ್ಕ. ಸಿಲಿಂಡರಿನ ಮುಳ್ಳು 210 ತೋರಿಸುತ್ತಿದ್ದರೆ ಅದನ್ನು ಮೂರು ಪಾಲು ಮಾಡಬೇಕು. ಮೊದಲ ಎಪ್ಪತ್ತು ಹೋಗುವುದಕ್ಕೆ. ಮುಳ್ಳು 140ಕ್ಕೆ ಬಂದೊಡನೆ, ಮುಂದೆ ಕುಬೇರನ ಭಂಡಾರವೇ ಕಾಣುತ್ತಿರಲಿ, ತಿರುಗಬೇಕು. ಎರಡನೆಯ ಎಪ್ಪತ್ತು ಬರುವುದಕ್ಕೆ. ಮೂರನೆಯ ಎಪ್ಪತ್ತು? ಅದು ನಿಮ್ಮದಲ್ಲ, ನಿಮ್ಮ ಜೊತೆಗಾರನದು. ದೂರದ ಕೊನೆಯಲ್ಲಿ ಅವನ ಸಿಲಿಂಡರು ಕೈಕೊಟ್ಟರೆ ಇಬ್ಬರೂ ನಿಮ್ಮ ಗಾಳಿಯಲ್ಲೇ ಹೊರಬರಬೇಕಲ್ಲ, ಅದಕ್ಕೆ ಮೀಸಲು. ಇದಕ್ಕಿಂತ ಒಳ್ಳೆಯ ಗಣಿತವನ್ನು ನಾನು ಕಂಡಿಲ್ಲ.

ಅವರಲ್ಲಿ ಒಂದು ಸಂಜ್ಞೆಯಿದೆ. ನಾವು ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರೆ ‘ಬಹಳ ಚೆನ್ನಾಗಿದೆ’ ಎಂದರ್ಥ. ನೀರಿನೊಳಗೆ ಅದಕ್ಕೆ ‘ಸಾಕು, ಹಿಂದಿರುಗೋಣ’ ಎಂದರ್ಥ. ಗುಂಪಿನಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ ಅದನ್ನು ತೋರಿಸಬಹುದು. ಏಕೆಂದು ಯಾರೂ ಕೇಳುವಂತಿಲ್ಲ, ಆಮೇಲೆ ಮೇಲೆ ಬಂದು ನಗುವಂತೆಯೂ ಇಲ್ಲ. ಎಲ್ಲರೂ ತಿರುಗಲೇಬೇಕು. ಸಾಹಸಿಗಳ ನಡುವೆ ಅಂಜಿದವನ ಮಾತಿಗೆ ಇಷ್ಟು ಬೆಲೆ ಕೊಟ್ಟಿರುವುದನ್ನು ಗಮನಿಸಬೇಕು.

2018ರ ಜೂನ್ ತಿಂಗಳಲ್ಲಿ ಥೈಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಹನ್ನೆರಡು ಹುಡುಗರೂ ಅವರ ಕಾಲ್ಚೆಂಡಿನ ತರಬೇತುದಾರನೂ ಸಿಕ್ಕಿಕೊಂಡದ್ದು ನಿಮಗೆಲ್ಲ ನೆನಪಿರುತ್ತದೆ. ಅವರೆಲ್ಲರನ್ನೂ ಜುಲೈ 10ರ ಹೊತ್ತಿಗೆ ಜೀವಂತವಾಗಿ ಹೊರತಂದರು. ಆದರೆ ದಾರಿಯುದ್ದಕ್ಕೂ ಗಾಳಿಯ ಸಿಲಿಂಡರುಗಳನ್ನು ಇಟ್ಟು ಹಿಂದಿರುಗುತ್ತಿದ್ದ ಸಮನ್ ಕುನನ್ ಎಂಬ ಮಾಜಿ ನೌಕಾಯೋಧ ಜುಲೈ 6ರಂದು ತಾನೇ ಗಾಳಿಯಿಲ್ಲದೆ ತೀರಿಕೊಂಡ. ಅಂಥ ಗಟ್ಟಿಮುಟ್ಟಾದ, ನುರಿತ ಮನುಷ್ಯನಿಗೂ ಗುಹೆ ರಿಯಾಯಿತಿ ತೋರಲಿಲ್ಲ.

ಮತ್ತೆ ಯುಕಟಾನಿಗೆ ಬರೋಣ. ಗುಹೆಗಳು ಒಣಗಿದ್ದ ಆ ಕಾಲದಲ್ಲಿ ಮನುಷ್ಯರು ಅವುಗಳೊಳಗೆ ಓಡಾಡುತ್ತಿದ್ದರು. ಟುಲುಮಿನ ಸಮೀಪದಲ್ಲಿಯೇ, ಈಗ ನೀರಿನಲ್ಲಿ ಮುಳುಗಿರುವ ಓಣಿಗಳಲ್ಲಿ, ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಜನ ಕಾವಿಮಣ್ಣನ್ನು ಅಗೆದ ಗಣಿಗಳು ಸಿಕ್ಕಿವೆ. 2020ರಲ್ಲಿ ವಿದ್ವಾಂಸರು ಅದರ ವಿವರವನ್ನು ಪ್ರಕಟಿಸಿದರು. ಅಗೆದ ಹಳ್ಳಗಳು, ಅಗೆಯಲು ಬಳಸಿದ ಕಲ್ಲಿನ ತುಂಡುಗಳು, ಬೆಂಕಿಯ ಇದ್ದಲು ಎಲ್ಲ ಇಟ್ಟಂತೆಯೇ ಇವೆ. ಅವುಗಳ ಜೊತೆಗೆ ಇನ್ನೊಂದು ಉಂಟು. ದಾರಿಯ ಗುರುತಿಗೆಂದು ಒಂದರ ಮೇಲೊಂದು ಪೇರಿಸಿದ ಕಲ್ಲುಗಳು. ಪಂಜು ಹಿಡಿದು ಒಳಹೊಕ್ಕ ಆ ಜನರಿಗೂ ಮೊದಲ ಚಿಂತೆ ಹಿಂದಿರುಗುವುದರದ್ದೇ. ಇಂದಿನ ನೈಲಾನ್ ದಾರ ಅವರ ಕಲ್ಲಿನ ಗುರುತಿನ ಮೊಮ್ಮಗು.

ಗುರುತು ಸಿಕ್ಕದೆ ಹೋದವರೂ ಉಂಟು. 2007ರಲ್ಲಿ ಮೂವರು ಮುಳುಗುಗಾರರು ಅದೇ ಸೀಮೆಯ ಒಂದು ಗುಹೆಯಲ್ಲಿ ಸಾಗುತ್ತಿದ್ದಾಗ, ಕಾಲಕೆಳಗಿನ ನೆಲ ಒಮ್ಮೆಗೇ ಇಲ್ಲವಾಗಿ, ಟಾರ್ಚಿನ ಬೆಳಕಿಗೆ ತಳ ಸಿಕ್ಕದ ಹೊಂಡವೊಂದು ಎದುರಾಯಿತು. ಅದಕ್ಕೆ ‘ಓಯೊ ನೆಗ್ರೊ’, ಎಂದರೆ ಕರಿಯ ಹೊಂಡ, ಎಂದು ಹೆಸರಿಟ್ಟರು. ಅದರ ತಳದಲ್ಲಿ ಈಗ ಅಳಿದುಹೋಗಿರುವ ಆನೆಯಂಥ ಪ್ರಾಣಿಯ, ದೈತ್ಯ ಗಾತ್ರದ ಸ್ಲಾತ್‌ಗಳ, ಕತ್ತಿಹಲ್ಲಿನ ಬೆಕ್ಕಿನ ಮೂಳೆಗಳ ನಡುವೆ ಒಬ್ಬ ಹುಡುಗಿಯ ತಲೆಬುರುಡೆಯಿತ್ತು. ಹದಿನೈದು ಹದಿನಾರರ ವಯಸ್ಸು. ಕಾಲ 12,000ದಿಂದ 13,000 ವರ್ಷಗಳ ಹಿಂದೆ. ವಿದ್ವಾಂಸರು ಅವಳಿಗೆ ‘ನಾಯಾ’ ಎಂದು ಹೆಸರು ಕೊಟ್ಟು, 2014ರಲ್ಲಿ ಅವಳ ವಿಚಾರವನ್ನು ಲೋಕಕ್ಕೆ ತಿಳಿಸಿದರು. ಅಮೆರಿಕ ಖಂಡದ ಮೂಲ ನಿವಾಸಿಗಳ ಪೂರ್ವಜರ ಪರಿಚಯಕ್ಕೆ ಅವಳ ಮೂಳೆ ಹಲ್ಲುಗಳು ದೊಡ್ಡ ಆಧಾರವಾಗಿವೆ. ಅವಳ ಸೊಂಟದ ಮೂಳೆ ಮುರಿದಿತ್ತು. ಕತ್ತಲೆಯಲ್ಲಿ ನಡೆದುಬಂದು ಹೊಂಡಕ್ಕೆ ಬಿದ್ದಿರಬೇಕು. ಬಹುಶಃ ನೀರನ್ನು ಹುಡುಕಿಕೊಂಡು ಹೋಗಿದ್ದಳೇನೋ. ಅವಳಿಗೂ ಒಬ್ಬ ತಾಯಿ ಇದ್ದಿರಬೇಕು, ಬಾಗಿಲಲ್ಲಿ ಕಾದಿರಬೇಕು.

ಈಗ ಆ ಗುಹೆಗಳಿಗೇ ಅಪಾಯ ಬಂದಿದೆ. ಟುಲುಮ್ ಕೆಲವೇ ದಶಕಗಳಲ್ಲಿ ಹಳ್ಳಿಯಿಂದ ಪಟ್ಟಣವಾಯಿತು. ಕಲ್ಲು ತೂತಾದ್ದರಿಂದ, ಪಟ್ಟಣ ಚೆಲ್ಲಿದ ಕೊಳಕು ನೇರವಾಗಿ ನೆಲದೊಳಗಿನ ಹೊಳೆಗೆ, ಅಲ್ಲಿಂದ ಕಡಲಿಗೆ, ಕಡಲಿನಿಂದ ಹವಳದ ದಿಬ್ಬಕ್ಕೆ ಹೋಗುತ್ತದೆ. 2023 ಮತ್ತು 2024ರಲ್ಲಿ ಆರಂಭವಾದ ‘ಮಾಯಾ ರೈಲು’ ಈ ಕರಾವಳಿಯ ಕಾಡಿನಲ್ಲಿ ಎತ್ತರದ ಹಳಿಯ ಮೇಲೆ ಓಡುತ್ತದೆ. ಆ ಹಳಿಯನ್ನು ಹೊರಲು ಇಳಿಸಿದ ಉಕ್ಕಿನ ಕಂಬಗಳಲ್ಲಿ ಹಲವು ಗುಹೆಗಳ ಮಾಡನ್ನು ತೂರಿಕೊಂಡು ಹೋಗಿವೆ. ರೈಲಿನಿಂದ ಬಡ ಪ್ರಾಂತಕ್ಕೆ ಕೆಲಸ ಬರುತ್ತದೆನ್ನುವವರ ಮಾತಿನಲ್ಲಿಯೂ ನ್ಯಾಯವಿದೆ. ಕುಡಿಯುವ ನೀರಿನ ಮನೆಯೊಳಗೆ ಕಂಬ ನೆಟ್ಟರೆಂದು ಮರುಗುವವರ ಮಾತಿನಲ್ಲಿಯೂ ನ್ಯಾಯವಿದೆ. ನಾವು ಅತಿಥಿಗಳಾಗಿ ಹೋಗುವವರು ಮಾಡಬಹುದಾದದ್ದು ಸ್ವಲ್ಪ. ಸೆನೋಟೆಗೆ ಇಳಿಯುವ ಮೊದಲು ಮೈಗೆ ಹಚ್ಚಿದ ಬಿಸಿಲಿನ ಲೇಪವನ್ನು ತೊಳೆದುಕೊಳ್ಳಿರಿ ಎಂದು ಅಲ್ಲಿ ಹೇಳುತ್ತಾರೆ. ಅದನ್ನಾದರೂ ಗೊಣಗದೆ ಮಾಡಬೇಕು.

ಇನ್ನು ಮೊದಲು ಕೇಳಿದ ಪ್ರಶ್ನೆ. ಮನೆಯ ಮಕ್ಕಳನ್ನು ಕಳುಹಿಸಬಹುದೆ? ಕಳುಹಿಸಬಹುದೆಂದೇ ನನ್ನ ಅಭಿಪ್ರಾಯ. ಆದರೆ ನಾಲ್ಕು ಮಾತು ಕೇಳಿ ಕಳುಹಿಸಿ. ಒಂದು: ಮುಳುಗುವುದನ್ನು ಎಲ್ಲಿ ಕಲಿತೆ? ಅದಕ್ಕೆ ಮೆಕ್ಸಿಕೋವರೆಗೆ ಕಾಯಬೇಕಾಗಿಲ್ಲ. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿ ಮಳೆಗಾಲ ಕಳೆದ ಮೇಲೆ ತೆರೆದ ಸಮುದ್ರದಲ್ಲಿ ಮುಳುಗಿ ನೋಡಬಹುದು, ಕ್ರಮವಾಗಿ ಕಲಿಯಲೂ ಬಹುದು. ಒಂದು ದಿನ ಕೈಹಿಡಿದು ಇಳಿಸಿದ್ದು ಕಲಿತದ್ದಲ್ಲ ಎಂಬುದು ನೆನಪಿರಲಿ. ಎರಡು: ನೆಗಡಿ, ಉಬ್ಬಸ, ಕಿವಿನೋವು, ಹೃದಯದ ತೊಂದರೆ ಏನಾದರೂ ಇದೆಯೆ? ಇದ್ದರೆ ವೈದ್ಯರನ್ನು ಕೇಳದೆ ನೀರಿಗಿಳಿಯಕೂಡದು. ಮೂರು: ಕೊನೆಯ ಸಲ ಮುಳುಗಿದ ಮೇಲೆ ವಿಮಾನ ಎಷ್ಟು ಹೊತ್ತಿಗೆ? ಹಲವು ದಿನ ಮುಳುಗಿದವರು ವಿಮಾನ ಹತ್ತುವ ಮೊದಲು ಹದಿನೆಂಟು ಗಂಟೆಯಾದರೂ ಬಿಡುವು ಕೊಡಬೇಕು. ಇಲ್ಲವಾದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಪ್ರಾಣಕ್ಕೆ ತರುತ್ತದೆ. ದಂಡೆಯ ವಿಶ್ರಾಂತಿಯನ್ನು ಪ್ರಯಾಣದ ಕೊನೆಯಲ್ಲಿಯೂ ಒಂದು ದಿನ ಇಟ್ಟುಕೊಂಡರೆ ಎರಡೂ ಕೆಲಸವಾಯಿತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಎಲ್ಲಿಯವರೆಗೆ ಹೋಗುತ್ತೀಯೆ? ಸೆನೋಟೆಗಳೊಳಗೆ ಹಗಲು ಬೆಳಕು ಮುಗಿಯುವ ಕಡೆ ಒಂದು ಫಲಕ ನೆಟ್ಟಿರುತ್ತಾರೆ. ಅದರ ಮೇಲೆ ಕತ್ತಿಯಂಥ ಕುಡುಗೋಲು ಹಿಡಿದ ಮೃತ್ಯುವಿನ ಚಿತ್ರ. ಕೆಳಗೆ, ಇಲ್ಲಿಂದ ಮುಂದೆ ಹೋಗಬೇಡಿ, ಪ್ರಾಣಕ್ಕೆ ಬದಲಾಗಿ ಕೊಡುವಂಥದು ಈ ಗುಹೆಯಲ್ಲಿ ಏನೂ ಇಲ್ಲ, ಎಂಬರ್ಥದ ಮಾತು. ಗುಹೆಯ ವಿದ್ಯೆಯನ್ನು ಕ್ರಮವಾಗಿ ಕಲಿಯದವರಿಗೆ ಆ ಫಲಕವೇ ಊರಬಾಗಿಲು. ಮಾರ್ಗದರ್ಶಿಯೇ “ಇನ್ನೊಂದು ಸ್ವಲ್ಪ ಬನ್ನಿ, ಏನೂ ಆಗುವುದಿಲ್ಲ” ಎಂದು ಕರೆದರೂ ಹೆಬ್ಬೆರಳನ್ನು ಮೇಲೆತ್ತಬೇಕು. ಅಂಥ ಮಾರ್ಗದರ್ಶಿಯ ಜೊತೆ ಮರುದಿನ ಇಳಿಯಲೂ ಬಾರದು.

ಮಕ್ಕಳನ್ನು ಲೋಕಕ್ಕೆ ಕಳುಹಿಸುವಾಗ ನಾವು ಚೀಲದಲ್ಲಿ ಚಟ್ನಿಪುಡಿ ಇಡುತ್ತೇವೆ, ಶಾಲು ಇಡುತ್ತೇವೆ, ದೇವರ ಕುಂಕುಮ ಇಡುತ್ತೇವೆ. ಎಲ್ಲವೂ ಇರಲಿ. ಅದರ ಜೊತೆಗೆ ಎಕ್ಸ್‌ಲಿ ಮೇಷ್ಟ್ರ ಲೆಕ್ಕವನ್ನೂ ಇಟ್ಟು ಕಳುಹಿಸಿ: ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಒಂದು ಪಾಲು ಜೊತೆಗಿರುವವರಿಗೆ. ಇಷ್ಟನ್ನು ಒಪ್ಪಿ ಹೊರಟ ಮಗಳಿಗೆ, ಮಗನಿಗೆ, “ಹೋಗಿ ಬಾ” ಎಂದು ಧೈರ್ಯವಾಗಿ ಹೇಳಬಹುದು. ನಮ್ಮ ಭಾಷೆಯಲ್ಲಿ ಬೀಳ್ಕೊಡುವಾಗ ಬರಿಯ ‘ಹೋಗು’ ಎನ್ನುವ ರೂಢಿ ಹೇಗೂ ಇಲ್ಲವಲ್ಲ.